ಚಿಪ್ ಇದ್ದ ನೋಟು, ಮೂಲವಿಲ್ಲದ ಸುದ್ದಿ

2016ರ ನವೆಂಬರ್ 8ರ ರಾತ್ರಿ ಐನೂರು ಮತ್ತು ಸಾವಿರ ರೂಪಾಯಿಯ ನೋಟುಗಳು ರದ್ದಾದ ಮೇಲೆ ದೇಶಕ್ಕೆ ಎರಡು ಹೊಸ ವಸ್ತುಗಳು ದೊರೆತವು. ಒಂದು, ಗುಲಾಬಿ ಬಣ್ಣದ ಎರಡು ಸಾವಿರದ ನೋಟು. ಇನ್ನೊಂದು, ಅದರೊಳಗೆ ಅಡಗಿದೆಯೆಂದು ಯಾರೋ ಹೇಳಿದ ನ್ಯಾನೊ ಜಿಪಿಎಸ್ ಚಿಪ್. ಮೊದಲನೆಯದಕ್ಕಾಗಿ ಜನ ಬ್ಯಾಂಕಿನ ಮುಂದೆ ಸರದಿಯಲ್ಲಿ ನಿಲ್ಲಬೇಕಾಯಿತು. ಎರಡನೆಯದು, ಹಾಗೆ ನಿಂತವರ ಮೊಬೈಲಿಗೆ ತಾನಾಗಿಯೇ ಬಂದು ಸೇರಿತು.

ಆ ಸಂದೇಶದ ಪ್ರಕಾರ ಚಿಪ್‌ಗೆ ಬ್ಯಾಟರಿ ಬೇಡ; ಉಪಗ್ರಹದಿಂದ ಬಂದ ಸಂಕೇತವನ್ನು ಅದು ಹಾಗೆಯೇ ಹಿಂದಿರುಗಿಸಿ ತಾನಿರುವ ಜಾಗವನ್ನೂ ನೋಟಿನ ಕ್ರಮಸಂಖ್ಯೆಯನ್ನೂ ತಿಳಿಸುತ್ತದೆ; ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ನೋಟು ಸಿಕ್ಕಿಬೀಳುತ್ತದೆ. ಈ 120ರ ಬಗ್ಗೆ ನನಗೆ ವಿಶೇಷ ಗೌರವವಿದೆ. ನೂರು ಎಂದಿದ್ದರೆ ಬಾಯಿಗೆ ಬಂದದ್ದು ಎನ್ನಿಸುತ್ತಿತ್ತು. ನೂರಿಪ್ಪತ್ತು ಎಂದ ಕೂಡಲೇ ಯಾರೋ ಪುಣ್ಯಾತ್ಮರು ಗುಂಡಿ ತೋಡಿಸಿ, ನೋಟು ಹೂತು, ಟೇಪು ಹಿಡಿದು ಅಳೆದಿರಬೇಕೆಂಬ ಭರವಸೆ ಹುಟ್ಟುತ್ತದೆ. ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಸಂಕೇತವನ್ನು ಕಳುಹಿಸುತ್ತವೆಯೇ ಹೊರತು ಯಾರ ಜೇಬನ್ನೂ ತಡಕುವುದಿಲ್ಲ ಎಂಬುದನ್ನೂ, ಬ್ಯಾಟರಿ ಇರುವ ಮೊಬೈಲೇ ನೆಲಮಾಳಿಗೆಗೆ ಇಳಿದೊಡನೆ ದಿಕ್ಕು ತಪ್ಪುತ್ತದೆ ಎಂಬುದನ್ನೂ ಆ ಸಡಗರದಲ್ಲಿ ಹೇಳುವವರಿರಲಿಲ್ಲ, ಹೇಳಿದ್ದರೂ ಕೇಳುವವರಿರಲಿಲ್ಲ.

ನೋಟಿನ ಜಾಡನ್ನು ಪಾತಾಳದವರೆಗೆ ಹಿಡಿಯಬಲ್ಲೆವೆಂದು ನಂಬಿದ ದೇಶದಲ್ಲಿ, ಈ ಸುದ್ದಿಯ ಜಾಡನ್ನು ಪಕ್ಕದ ಮನೆಯಾಚೆಗೆ ಹಿಡಿಯಲು ಯಾರಿಗೂ ಆಗಲಿಲ್ಲ. ಕಳುಹಿಸಿದವರನ್ನು ಕೇಳಿದರೆ ತಮಗೂ ಬಂದದ್ದೆಂದರು. ಅವರಿಗೆ ಕಳುಹಿಸಿದವರೂ ಅದನ್ನೇ ಹೇಳಿದರು. ಅಷ್ಟರಲ್ಲಿ ಕನ್ನಡ, ಹಿಂದಿ ಎಂಬ ಭೇದವಿಲ್ಲದೆ ವಾಹಿನಿಗಳು ಚಿಪ್ಪಿನ ಮಹಿಮೆಯನ್ನು ಸಾರತೊಡಗಿದವು. ನದಿಮೂಲ, ಋಷಿಮೂಲ ಹುಡುಕಬಾರದೆಂದ ಹಿರಿಯರ ಪಟ್ಟಿಗೆ ಅವು ಸುದ್ದಿಮೂಲವನ್ನೂ ಸೇರಿಸಿದವು. ವಾಟ್ಸ್ಆ್ಯಪ್‌ನಿಂದ ಟಿವಿಗೆ ಏರಿದ ಮಾತು ನಿರೂಪಕರ ಕೋಟು ತೊಟ್ಟು, ಚಲಿಸುವ ಚಿತ್ರವಾಗಿ ಮತ್ತೆ ವಾಟ್ಸ್ಆ್ಯಪ್‌ಗೆ ಇಳಿದು ಬಂದಾಗ, ಮೊದಲು ಅದನ್ನು ಹಂಚಿದವರೇ “ನಾನು ಹೇಳಿರಲಿಲ್ಲವೇ, ಈಗ ಟಿವಿಯವರೂ ಹೇಳುತ್ತಿದ್ದಾರೆ ನೋಡಿ” ಎಂದು ತಮ್ಮ ಮಾತಿಗೆ ಪುರಾವೆಯಾಗಿ ತಮ್ಮ ಮಾತನ್ನೇ ಮುಂದಿಟ್ಟರು. ಇಂಥ ಸಂದೇಶವನ್ನು ಮೊದಲು ಕಳುಹಿಸಿದವರು ಯಾರೆಂಬುದನ್ನು ಕಂಪನಿಗಳು ಹೇಳಬೇಕೆಂದು ಸರ್ಕಾರ 2021ರಲ್ಲಿ ನಿಯಮ ಮಾಡಿತು. ವಾಟ್ಸ್ಆ್ಯಪ್ ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಪಾಪ, ಒಂದು ಚಿಪ್ ಸಾಕಾಗಿತ್ತು.

ನಿಜವಾದ ಮೂಲ ಬಚ್ಚಿಟ್ಟುಕೊಂಡೇನೂ ಇರಲಿಲ್ಲ. ಬಣ್ಣ, ಅಳತೆ, ಮಂಗಳಯಾನದ ಚಿತ್ರ, ಓರೆ ಮಾಡಿದರೆ ಹಸಿರಿನಿಂದ ನೀಲಿಗೆ ತಿರುಗುವ ಭದ್ರತಾ ಎಳೆ, ಹೀಗೆ ಹೊಸ ನೋಟಿನ ಲಕ್ಷಣಗಳನ್ನೆಲ್ಲ ರಿಸರ್ವ್ ಬ್ಯಾಂಕ್ ಪ್ರಕಟಿಸಿತ್ತು. ಚಿಪ್ ಆ ಪಟ್ಟಿಯಲ್ಲಿರಲಿಲ್ಲ. ಇಂಥದ್ದೇನೂ ಇಲ್ಲವೆಂದು ಬ್ಯಾಂಕ್ ಬಾಯಿಬಿಟ್ಟೂ ಹೇಳಿತು. ಭಕ್ತರಿಗೆ ಇದರಿಂದ ತೊಂದರೆಯಾಗಲಿಲ್ಲ. ಗುಪ್ತ ಚಿಪ್ಪನ್ನು ಪಟ್ಟಿಯಲ್ಲಿ ಹಾಕಿದರೆ ಅದು ಗುಪ್ತ ಹೇಗಾದೀತು, ಇಲ್ಲವೆಂದು ಒತ್ತಿ ಹೇಳುತ್ತಿರುವುದೇ ಇರುವುದಕ್ಕೆ ಸಾಕ್ಷಿಯಲ್ಲವೇ ಎಂದರು. ಉಪಗ್ರಹದೊಡನೆ ಸಂಪರ್ಕವಿದ್ದ ಆ ನೋಟಿಗೆ ಬೀದಿ ಮೂಲೆಯ ಎಟಿಎಮ್ಮಿನೊಡನೆ ಮಾತ್ರ ಹೊಂದಾಣಿಕೆ ಇರಲಿಲ್ಲ. ಅದರ ಅಳತೆ ಹಳೆಯ ಪೆಟ್ಟಿಗೆಗಳಿಗೆ ಕೂರದೆ, ದೇಶದ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಹೊಂದಿಸಬೇಕಾಯಿತು.

ನೋಟು ಬಂದ ಕೆಲವೇ ದಿನಗಳಲ್ಲಿ ಚಿಕ್ಕಮಗಳೂರಿನಲ್ಲಿ ಈರುಳ್ಳಿ ಮಾರಿದ ರೈತರೊಬ್ಬರ ಕೈಗೆ ಯಾರೋ ಎರಡು ಸಾವಿರದ ನೋಟಿನ ಜೆರಾಕ್ಸ್ ಪ್ರತಿ ತುರುಕಿ ಹೋದರು. ಅದರೊಳಗೆ ಚಿಪ್ಪಿನ ಜೆರಾಕ್ಸೂ ಇತ್ತೇ ಎಂಬುದನ್ನು ಯಾವ ವಾಹಿನಿಯೂ ಚರ್ಚಿಸಲಿಲ್ಲ. ಡಿಸೆಂಬರಿನಲ್ಲಿ ಚಳ್ಳಕೆರೆಯ ಸ್ನಾನಗೃಹವೊಂದರ ಗೋಡೆಯ ಹಿಂದೆ ಐದು ಕೋಟಿಗೂ ಮೀರಿದ ಹೊಸ ನೋಟುಗಳು ಸಿಕ್ಕವು. 120 ಮೀಟರ್ ನೆಲವನ್ನು ಸೀಳಬಲ್ಲ ಸಂಕೇತಕ್ಕೆ ನಾಲ್ಕಿಂಚಿನ ಗೋಡೆ ಯಾವ ಲೆಕ್ಕ? ಆದರೂ ಆದಾಯ ತೆರಿಗೆ ಅಧಿಕಾರಿಗಳು ಖುದ್ದಾಗಿ ಹೋಗಿ ಆ ಗೋಡೆಯನ್ನು ತೆರೆಸಬೇಕಾಯಿತು. ಇಂಥ ದಾಳಿಗಳು ಹೆಚ್ಚಿದಂತೆ ಚಿಪ್ ಹಿಂದೆ ಸರಿದು, ನೋಟಿನ ಶಾಯಿಯಲ್ಲಿ ವಿಕಿರಣ ಸೂಸುವ ರಂಜಕವಿದೆಯೆಂಬ ಹೊಸ ಸಂದೇಶ ಬಂತು. ಸಂದೇಶ ಹೆಸರಿಸಿದ ಆ ಬಗೆಯ ರಂಜಕ ಸುಮಾರು ಹದಿನಾಲ್ಕು ದಿನಕ್ಕೊಮ್ಮೆ ಅರ್ಧಕ್ಕರ್ಧ ಕರಗಿಹೋಗುತ್ತದೆ. ಸಂದೇಶಕ್ಕೆ ಅಂಥ ಕಾಯಿಲೆಯೇನೂ ಇರಲಿಲ್ಲ.

2023ರ ಮೇ 19ರಂದು ಆ ನೋಟನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯುವುದಾಗಿ ರಿಸರ್ವ್ ಬ್ಯಾಂಕ್ ಘೋಷಿಸಿತು. ಆಗ ಜನರ ಬಳಿ ಇದ್ದದ್ದು 3.56 ಲಕ್ಷ ಕೋಟಿ ರೂಪಾಯಿ ಮೌಲ್ಯದ ನೋಟುಗಳು. ಅವುಗಳಲ್ಲಿ ಶೇಕಡಾ 98ಕ್ಕೂ ಹೆಚ್ಚು ಮರಳಿವೆ. ಉಳಿದ ಕೆಲವು ಸಾವಿರ ಕೋಟಿ ಎಲ್ಲಿದೆಯೆಂದು ಬ್ಯಾಂಕ್ ಉಪಗ್ರಹವನ್ನು ಕೇಳದೆ, ಬಂದದ್ದನ್ನು ಎಣಿಸಿ, ಕೊಟ್ಟದ್ದರಲ್ಲಿ ಕಳೆದು, ಬಾಕಿಯನ್ನು ಹಳೆಯ ಶೆಟ್ಟರ ಅಂಗಡಿಯ ಪದ್ಧತಿಯಲ್ಲೇ ಪ್ರಕಟಿಸುತ್ತಾ ಬಂದಿದೆ. 120 ಮೀಟರ್ ಅಳೆದವರು ದಯವಿಟ್ಟು ಟೇಪು ಸಮೇತ ಮುಂಬೈಯ ಕಚೇರಿಯನ್ನು ಸಂಪರ್ಕಿಸಬೇಕಾಗಿ ವಿನಂತಿ.