ಹೂಂಗುಟ್ಟುವವರು

ಅಮೆರಿಕದ ಕಂಟ್ರಿ, ಅಂದರೆ ಹಳ್ಳಿಗಾಡಿನ ಹಾಡುಗಳ ಗಾಯಕ ಜಿಮ್ ರೀವ್ಸ್‌ನ ಪ್ರಸಿದ್ಧ ಹಾಡೊಂದಿದೆ, ‘ಹೀಲ್ ಹ್ಯಾವ್ ಟು ಗೋ’. 1959ರಲ್ಲಿ ಧ್ವನಿಮುದ್ರಣವಾದದ್ದು. ಸನ್ನಿವೇಶ ಇಷ್ಟೇ: ಬಾರಿನಲ್ಲಿ ಕೂತ ಗಂಡಸೊಬ್ಬ ತನ್ನವಳಿಗೆ ಫೋನು ಮಾಡಿದ್ದಾನೆ. ಅವಳ ಪಕ್ಕದಲ್ಲಿ ಇನ್ನೊಬ್ಬ ಇದ್ದಾನೆಂಬುದು ಇವನಿಗೆ ಗೊತ್ತು. ಹಾಗಾಗಿ ದನಿ ತಗ್ಗಿಸಿ, ಪಕ್ಕದ ಮೇಜಿಗೂ ಕೇಳಿಸದಷ್ಟು ಮೆತ್ತಗೆ ಹಾಡುತ್ತಾನೆ. ಪರಮ ಗುಟ್ಟಿನ ಮಾತುಕತೆ. ಅಷ್ಟರಲ್ಲಿ ಹಿಂದಿನಿಂದ ನಾಲ್ಕು ಜನ ‘ಊ...’ ಎನ್ನುತ್ತಾರೆ!

ಯಾರಪ್ಪಾ ಇವರು? ಇಷ್ಟು ಹೊತ್ತು ಎಲ್ಲಿದ್ದರು? ಫೋನಿನ ಹತ್ತಿರ ಇವನ ಬೆನ್ನಿಗಂಟಿಕೊಂಡು ನಿಂತಿದ್ದರೇ?

ನಾನು ಈ ಹಾಡನ್ನು ಮೊದಲು ಕೇಳಿದ್ದು ಬೆಂಗಳೂರಿನ ಕಾಕ್ಸ್ ಟೌನಿನಲ್ಲಿ, ನಮ್ಮ ಬಾಡಿಗೆ ಮನೆಯ ಎದುರಿಗಿದ್ದ ಆಂಗ್ಲೋ ಇಂಡಿಯನ್ ಆಂಟಿಯ ಟೇಪ್ ರೆಕಾರ್ಡರಿನಲ್ಲಿ. ಡಿಸೆಂಬರ್ ಬಂತೆಂದರೆ ಅವರ ಕಿಟಕಿಯಿಂದ ಕೇಕಿನ ಘಮವೂ ಜಿಮ್ ರೀವ್ಸನೂ ಜೊತೆಜೊತೆಯಾಗಿ ಬೀದಿಗೆ ಬರುತ್ತಿದ್ದರು. ಆ ಕ್ಯಾಸೆಟ್ ಎಷ್ಟೋ ಕೈ ದಾಟಿ ಬಂದ ನಕಲು. ಮೇಲೆ ಬಾಲ್‌ಪೆನ್ನಿನಲ್ಲಿ ಬರೆದದ್ದು ಒಂದೇ ಹೆಸರು. “ಆಂಟಿ, ಹಿಂದೆ ಹಾಡ್ತಿರೋರು ಯಾರು?” ಅಂದೆ. “ಏಂಜಲ್ಸ್, ಮ್ಯಾನ್” ಎಂದು ನಕ್ಕು ಕೈಗೊಂದು ಕೇಕಿನ ತುಂಡು ಕೊಟ್ಟರು. ಬಾಯಿ ತುಂಬಿದ ಮೇಲೆ ಪ್ರಶ್ನೆ ಎಲ್ಲಿಂದ ಬರಬೇಕು?

ದೇವತೆಗಳಲ್ಲ, ಅಮೆರಿಕದಲ್ಲಿ ಕಂಟ್ರಿ ಹಾಡುಗಳ ರಾಜಧಾನಿಯಂತಿರುವ ನ್ಯಾಶ್‌ವಿಲ್‌ನಲ್ಲಿ ಪಾಳಿಯ ಲೆಕ್ಕದಲ್ಲಿ ದುಡಿಯುವ ಜನ ಎಂದು ತಿಳಿಯುವಷ್ಟರಲ್ಲಿ ನನ್ನ ತಲೆ ನರೆತಿತ್ತು. ಗುಂಪಿನ ಹೆಸರು ಅನಿತಾ ಕರ್ ಸಿಂಗರ್ಸ್. ಮೆಂಫಿಸ್‌ನಲ್ಲಿ 1927ರಲ್ಲಿ ಹುಟ್ಟಿದ ಅನಿತಾ ಕರ್, ಜೊತೆಗೆ ಡಾಟಿ ಡಿಲ್ಲಾರ್ಡ್, ಗಿಲ್ ರೈಟ್, ಲೂಯಿಸ್ ನನ್ಲಿ. ಇಬ್ಬರು ಹೆಂಗಸರು, ಇಬ್ಬರು ಗಂಡಸರು. ಅಲ್ಲಿನ ಸ್ಟುಡಿಯೊಗಳಲ್ಲಿ ಒಂದು ಪಾಳಿಯೆಂದರೆ ಮೂರು ಗಂಟೆ, ಅಷ್ಟರಲ್ಲಿ ಮೂರೋ ನಾಲ್ಕೋ ಹಾಡು ಮುಗಿಯಬೇಕು. ಆಮೇಲೆ ಇನ್ನೊಂದು ಸ್ಟುಡಿಯೊ, ಇನ್ನೊಬ್ಬರ ವಿರಹ. ಬೆಳಿಗ್ಗೆ ಒಬ್ಬನ ಹೆಂಡತಿ ಬಿಟ್ಟುಹೋದದ್ದಕ್ಕೆ ‘ಊ’ ಅಂದು, ಊಟ ಮುಗಿಸಿ, ಸಂಜೆ ಇನ್ನೊಬ್ಬಳ ಗಂಡ ಬಿಟ್ಟುಹೋದದ್ದಕ್ಕೆ ‘ಆ’ ಅನ್ನುವುದು. ಇಂಥ ನೌಕರಿ ನನಗೆ ಸಿಕ್ಕಿದ್ದರೆ ಬೇಡ ಅನ್ನುತ್ತಿರಲಿಲ್ಲ.

ಅದಕ್ಕೂ ಮೊದಲು ಕಂಟ್ರಿ ಹಾಡಿನ ದುಃಖಕ್ಕೆ ಜೊತೆಯಾಗಿದ್ದದ್ದು ಪಿಟೀಲು ಮತ್ತು ಸ್ಟೀಲ್ ಗಿಟಾರ್. ಐವತ್ತರ ದಶಕದಲ್ಲಿ ರಾಕ್ ಅಂಡ್ ರೋಲ್ ಬಂದು ಮಾರುಕಟ್ಟೆಯನ್ನೇ ನುಂಗತೊಡಗಿದಾಗ ಚೆಟ್ ಅಟ್ಕಿನ್ಸ್, ಓವನ್ ಬ್ರಾಡ್ಲಿಯಂಥ ನಿರ್ಮಾಪಕರು ಪೇಟೆಯ ಕಿವಿಗೂ ಒಗ್ಗಲಿ ಎಂದು ಪಿಟೀಲನ್ನು ಬದಿಗೆ ಸರಿಸಿ ಈ ಊಕಾರದವರನ್ನು ಕರೆತಂದರು. ಅದಕ್ಕೆ ‘ನ್ಯಾಶ್‌ವಿಲ್ ಸೌಂಡ್’ ಎಂಬ ಹೆಸರೂ ಬಂತು. ಹಾಗೆಂದರೇನು ಎಂದು ಯಾರೋ ಕೇಳಿದ್ದಕ್ಕೆ ಅಟ್ಕಿನ್ಸ್ ಜೇಬಿಗೆ ಕೈಹಾಕಿ ಚಿಲ್ಲರೆ ಝಣಝಣ ಅನ್ನಿಸಿದನಂತೆ. ಇಷ್ಟು ಪ್ರಾಮಾಣಿಕ ಸಂಗೀತ ವಿಮರ್ಶೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶ್ರುತಿ ಹಿಡಿದು ಬೆಳೆದ ನಮ್ಮ ಕಿವಿಗೆ ಈ ಹಾರ್ಮನಿ ಮೊದಮೊದಲು ಕಸಿವಿಸಿಯೇ. ನಮ್ಮಲ್ಲಿ ಸೋಬಾನೆಯವರು ಒಬ್ಬರು ಸೊಲ್ಲೆತ್ತಿದರೆ ಉಳಿದವರು ಅದನ್ನೇ ಹಾಡುತ್ತಾರೆ. ಎಲ್ಲರೂ ಒಂದೇ ದಾರಿಯಲ್ಲಿ ನಡೆಯುವವರು. ಇಲ್ಲಿ ಒಂದೇ ಗಳಿಗೆಯಲ್ಲಿ ಒಬ್ಬರು ಸ, ಇನ್ನೊಬ್ಬರು ಗ, ಮತ್ತೊಬ್ಬರು ಪ. ನಮ್ಮಮ್ಮ ಒಮ್ಮೆ ಕೇಳಿ, “ಒಬ್ಬೊಬ್ರು ಒಂದೊಂದು ಕಡೆ ಹೋಗ್ತಿದಾರಲ್ಲೋ, ಯಾರೂ ಹೇಳೋರಿಲ್ವಾ?” ಅಂದಿದ್ದರು.

ಹೇಳುವವರು ಇದ್ದರು. ಜೋರ್ಡನೇರ್ಸ್ ಎಂಬ ನಾಲ್ಕು ಗಂಡಸರ ತಂಡದ ನೀಲ್ ಮ್ಯಾಥ್ಯೂಸ್. ದಿನಕ್ಕೆ ಹತ್ತಾರು ಹಾಡು, ಪ್ರತಿಯೊಬ್ಬ ಗಾಯಕನ ಶ್ರುತಿ ಬೇರೆ, ಕೊನೆಯ ಗಳಿಗೆಯಲ್ಲಿ “ಅರ್ಧ ಮನೆ ಇಳಿಸೋಣ” ಎನ್ನುವವರು ಬೇರೆ. ಪ್ರತಿ ಸಲವೂ ಹೊಸದಾಗಿ ಬರೆದುಕೊಳ್ಳುವವರು ಯಾರು? ಮ್ಯಾಥ್ಯೂಸ್ ಸ್ವರಮೇಳಗಳನ್ನು ಗುರುತಿಸುವ C, F, G ಅಕ್ಷರ ಬಿಟ್ಟು ಅಂಕಿ ಹಿಡಿದ: 1, 4, 5 ಅಂತ. ಶ್ರುತಿ ಎಲ್ಲಿಗೆ ಹೋದರೂ 1 ಅಂದರೆ 1. ನಮ್ಮ ಸ ಎಲ್ಲಿ ಕೂತರೂ ಸ ಆಗಿರುವಂತೆ. ಆ ‘ನಂಬರ್ ಸಿಸ್ಟಂ’ ಇವತ್ತಿಗೂ ನ್ಯಾಶ್‌ವಿಲ್ ಸ್ಟುಡಿಯೊಗಳ ಆಡುಭಾಷೆ.

ಈ ಜೋರ್ಡನೇರ್ಸ್ ಮಿಸೌರಿಯ ಸ್ಪ್ರಿಂಗ್‌ಫೀಲ್ಡಿನಲ್ಲಿ 1948ರಲ್ಲಿ ಕೂಡಿದ, ಚರ್ಚಿನ ಹಾಡಿನಲ್ಲಿ ಪಳಗಿದ ತಂಡ. 1956ರಿಂದ ಎಲ್ವಿಸ್ ಪ್ರೆಸ್ಲಿಯ ಹಿಂದೆ ನಿಂತವರೂ ಇವರೇ. 1960ರ ನವೆಂಬರಿನಲ್ಲಿ ಕಂಟ್ರಿ ಗಾಯಕಿ ಪ್ಯಾಟ್ಸಿ ಕ್ಲೈನ್‌ಳ ಹಾಡಿಗೆ ಇವರನ್ನು ಕರೆಸಿದಾಗ ಅವಳಿಗೆ ಅಳುಕು: ನಾಲ್ಕು ಗಂಡುದನಿಗಳ ನಡುವೆ ನನ್ನ ದನಿ ಮುಳುಗಿಹೋದರೆ? ‘ಐ ಫಾಲ್ ಟು ಪೀಸಸ್’ ಕೇಳಿದವರಿಗೆ ಗೊತ್ತು, ಮುಳುಗಲಿಲ್ಲ. ನಾಲ್ವರು ನಾಲ್ಕು ಮೂಲೆ ಹಿಡಿದುಕೊಂಡು ಅವಳನ್ನು ಜಮಖಾನದ ಮೇಲೆ ಕೂರಿಸಿ ಎತ್ತಿದ ಹಾಗಿದೆ.

ಇವರು ಮಾಡುವುದಾದರೂ ಏನು ಎಂದು ಯೋಚಿಸುವಾಗ ನನಗೆ ನೆನಪಾಗುವುದು ಅಜ್ಜಿ. ರಾತ್ರಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ರಾಜಕುಮಾರ ಏಳನೇ ಸಮುದ್ರದ ನಟ್ಟನಡುವೆ ಇದ್ದರೂ ಅಜ್ಜಿ ಕಥೆ ನಿಲ್ಲಿಸಿ ಮಗ್ಗುಲು ಬದಲಿಸುತ್ತಿದ್ದಳು. ಹೂಂಗೆ ಅರ್ಥವಿಲ್ಲ, ಆದರೆ ಅದರಲ್ಲೂ ಬಗೆಗಳಿದ್ದವು. ಭಯದ ಹೂಂ, ನಿದ್ದೆಗಣ್ಣಿನ ಹೂಂ, “ಆಮೇಲೆ?” ಅನ್ನುವ ಹೂಂ. ನ್ಯಾಶ್‌ವಿಲ್‌ನವರು ಸಂಬಳ ತೆಗೆದುಕೊಂಡು ಹೂಂಗುಟ್ಟಿದರು, ಅಷ್ಟೇ ವ್ಯತ್ಯಾಸ.

ಅವರಲ್ಲಿ ನನ್ನ ಮೆಚ್ಚಿನವಳು ಮಿಲ್ಲಿ ಕರ್ಕಮ್. 1957ರಲ್ಲಿ ಎಲ್ವಿಸ್‌ಗೆ ‘ಬ್ಲೂ ಕ್ರಿಸ್ಮಸ್’ ಹಾಡಲು ಮನಸ್ಸೇ ಇರಲಿಲ್ಲ. ಏನಾದರೂ ತಮಾಷೆ ಮಾಡಿ ಎಂದು ಹಿಮ್ಮೇಳದವರಿಗೆ ಹೇಳಿಬಿಟ್ಟ. ಆರು ತಿಂಗಳ ಬಸುರಿ ಮಿಲ್ಲಿ ಹಾಡಿನುದ್ದಕ್ಕೂ ಗಾಳಿಪಟದ ಬಾಲಂಗೋಚಿಯ ಹಾಗೆ ತನ್ನ ‘ವೂಊಊ’ವನ್ನು ಹಾರಿಸಿದಳು. ಎಲ್ಲರೂ ನಕ್ಕರು, ಕಂಪನಿ ಇದನ್ನು ಹೊರಗೆ ಬಿಡುವುದೇ ಇಲ್ಲ ಅಂದುಕೊಂಡರು. ಈಗ ಅದಿಲ್ಲದೆ ಅಮೆರಿಕದಲ್ಲಿ ಕ್ರಿಸ್ಮಸ್ಸೇ ಬರುವುದಿಲ್ಲ. 1980ರಲ್ಲಿ ಗಾಯಕ ಜಾರ್ಜ್ ಜೋನ್ಸ್, ಸಾಯುವ ತನಕ ಒಬ್ಬಳನ್ನೇ ಪ್ರೀತಿಸಿದವನೊಬ್ಬನ ಕಥೆ ಹಾಡಿದಾಗ ಹಿಂದಿನಿಂದ ಏಳುವ ಮೈ ಜುಮ್ಮೆನ್ನಿಸುವ ದನಿಯೂ ಇದೇ ಮಿಲ್ಲಿಯದು. ಒಂದೇ ಗಂಟಲು, ಅಲ್ಲಿ ಚೇಷ್ಟೆ, ಇಲ್ಲಿ ಸಾವಿನ ಮನೆ.

ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನ ಕಂಟ್ರಿ ಹಾಡುಗಾರರ ದಾರಿ ಬೇರೆ. ಅವರಿಗೆ ನಾಲ್ಕು ಜನ ಬೇಡ, ಒಬ್ಬ ಸಾಕು. ಬಕ್ ಓವೆನ್ಸ್‌ಗೆ ಡಾನ್ ರಿಚ್ ಸಿಕ್ಕಿದ್ದ. ಗಿಟಾರ್ ಅವನದೇ, ಮೇಲಿನ ದನಿಯೂ ಅವನದೇ. ಇಬ್ಬರೂ ಒಂದೇ ಉಸಿರಿನಲ್ಲಿ ಪದ ಎತ್ತಿ ಒಂದೇ ಉಸಿರಿನಲ್ಲಿ ಇಳಿಸುವುದನ್ನು ಕೇಳಿದರೆ ಯಾರು ಯಾರಿಗೆ ಹೂಂ ಅನ್ನುತ್ತಿದ್ದಾರೆಂದೇ ತಿಳಿಯುವುದಿಲ್ಲ. 1974ರ ಜುಲೈಯಲ್ಲಿ ಡಾನ್ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡ. ಅಲ್ಲಿಗೆ ನನ್ನ ಸಂಗೀತವೂ ಮುಗಿಯಿತು ಎಂಬ ಅರ್ಥದ ಮಾತನ್ನು ಬಕ್ ಎಷ್ಟೋ ವರ್ಷಗಳ ಮೇಲೆ ಹೇಳಿದ. ಇನ್ನು ಬಾನಿ ಓವೆನ್ಸ್. ಮೊದಲು ಬಕ್‌ನ ಹೆಂಡತಿ, ಆಮೇಲೆ ಮರ್ಲ್ ಹ್ಯಾಗರ್ಡ್‌ನ ಹೆಂಡತಿ, ಮರ್ಲ್‌ನ ಹಾಡುಗಳ ಜೊತೆದನಿ. 1978ರಲ್ಲಿ ಅವರಿಬ್ಬರ ವಿಚ್ಛೇದನವಾಯಿತು. ಆದರೂ ಅವಳು ಅವನ ತಂಡದ ಜೊತೆ ಊರೂರು ಸುತ್ತಿ ಹಾಡುತ್ತಿದ್ದಳು. ಮದುವೆ ಮುರಿದರೂ ಶ್ರುತಿ ಕೂಡಿರುವುದು ಹೇಗೆ ಎಂದು ನಾನು ಹೆಂಡತಿಯನ್ನು ಕೇಳಿದೆ. “ಹಾಡುವಾಗ ಅವನು ಬೇರೆ ಮಾತಾಡೋ ಹಾಗಿಲ್ವಲ್ಲ, ಅದಕ್ಕೆ” ಅಂದಳು.

ಮತ್ತೆ ಜಿಮ್ ರೀವ್ಸ್‌ಗೆ ಬರುತ್ತೇನೆ. 1964ರ ಜುಲೈ 31ರಂದು ತಾನೇ ನಡೆಸುತ್ತಿದ್ದ ಪುಟ್ಟ ವಿಮಾನ ಬಿದ್ದು ಸತ್ತ. ಹಾಡುಗಳು ಮಾತ್ರ ಬರುತ್ತಲೇ ಇದ್ದವು: ಉಳಿದಿದ್ದ ಟೇಪಿನಿಂದ ಅವನ ದನಿಯಷ್ಟನ್ನೇ ತೆಗೆದು ಅದಕ್ಕೆ ಹೊಸ ಹಿಮ್ಮೇಳ ಕೂಡಿಸಿದರು. 1979ರಲ್ಲಿ ಡೆಬೊರಾ ಆಲನ್ ಎಂಬ ಗಾಯಕಿ ಅವನ ಹಳೆಯ ಟೇಪಿಗೆ ಜೊತೆಯಾಗಿ ಯುಗಳಗೀತೆ ಹಾಡಿದಳು. ಅವನು ಸತ್ತಾಗ ಅವಳು 10 ವರ್ಷದ ಹುಡುಗಿ.

ಇದನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಸವಿಸ್ತಾರವಾಗಿ ಹೇಳಿದೆ. ಹೆಂಡತಿ ಹುಣಸೆಹಣ್ಣು ಕಿವುಚುತ್ತಿದ್ದಳು.

“ಕೇಳಿಸ್ತೇನೇ?” ಅಂದೆ.

“ಹೂಂ” ಅಂದಳು. ಯಾವ ಬಗೆಯ ಹೂಂ ಎಂದು ಗೊತ್ತಾಗಲಿಲ್ಲ.