ಫಿಲಿಪ್ಪೀನ್ಸ್ ಕಾರ್ಮಿಕರಿಗೆ ಎಲ್ಲ ಲೌಂಜ್‌ಗಳೂ ಉಚಿತವಲ್ಲ: ಸ್ಪಷ್ಟನೆ

‘ವಿದೇಶಕ್ಕೆ ದುಡಿಯಲು ಹೊರಟ ಫಿಲಿಪ್ಪೀನ್ಸ್ ಕಾರ್ಮಿಕರು ಮನಿಲಾ ವಿಮಾನ ನಿಲ್ದಾಣದ ಯಾವ ಲೌಂಜ್‌ಗೆ ಬೇಕಾದರೂ ಉಚಿತವಾಗಿ ಹೋಗಬಹುದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ಮನಿಲಾದ ಈ ನಿನಾಯ್ ಅಕಿನೊ ವಿಮಾನ ನಿಲ್ದಾಣದ 1 ಮತ್ತು 3ನೇ ಟರ್ಮಿನಲ್‌ಗಳಲ್ಲಿ ವಲಸೆ ಕಾರ್ಮಿಕರಿಗೆಂದೇ ಸರ್ಕಾರ ಲೌಂಜ್ ತೆರೆದಿದೆ. ಅಲ್ಲಿ ಕೂರಲು ಜಾಗ, ತಿಂಡಿ, ಕಾಫಿ, ವೈಫೈ ಎಲ್ಲವೂ ಉಚಿತ. ಒಳಗೆ ಬಿಡುತ್ತೇವೆಂದು ಯಾರಾದರೂ ಹಣ ಕೇಳಿದರೆ ದಯವಿಟ್ಟು ಒಂದು ಪೆಸೊ ಕೂಡ ಕೊಡಬೇಡಿ.

ವಿಮಾನಯಾನ ಸಂಸ್ಥೆಗಳ ಮತ್ತು ಖಾಸಗಿ ಲೌಂಜ್‌ಗಳ ಲೆಕ್ಕವೇ ಬೇರೆ. ಅಲ್ಲಿಗೆ ಬಿಸಿನೆಸ್ ಕ್ಲಾಸ್ ಟಿಕೆಟ್, ಸದಸ್ಯತ್ವ, ಸೌಲಭ್ಯವಿರುವ ಕಾರ್ಡ್ ಅಥವಾ ಶುಲ್ಕ ಬೇಕು.

ಗೊಂದಲದ ಮೂಲ, ವಿದೇಶಕ್ಕೆ ದುಡಿಯಲು ಹೊರಟವರಿಗೆ ಅಲ್ಲಿನ ಸರ್ಕಾರ ಕೊಡುವ ವಿದೇಶಿ ಉದ್ಯೋಗ ಪ್ರಮಾಣಪತ್ರ ಇರಬಹುದು. ಅದು ಇರುವವರಿಗೆ ಪ್ರಯಾಣ ತೆರಿಗೆ, ಟರ್ಮಿನಲ್ ಶುಲ್ಕಗಳಿಂದ ವಿನಾಯಿತಿಯಿದೆ. 2010ರಲ್ಲಿ ತಿದ್ದುಪಡಿಯಾದ ವಲಸೆ ಕಾರ್ಮಿಕರ ಕಾಯ್ದೆಯೇ ಅದನ್ನು ಕೊಟ್ಟಿದೆ. ಆದರೆ ಖಾಸಗಿ ಲೌಂಜ್‌ನ ಬಾಗಿಲನ್ನು ಆ ಪತ್ರ ತೆರೆಸುವುದಿಲ್ಲ. ಮನೆಯವರನ್ನು ಬಿಟ್ಟು ವರ್ಷಗಟ್ಟಲೆ ದೂರ ಹೊರಟವರು ಸುಳ್ಳು ಸಂದೇಶ ನಂಬಿ ಆ ಬಾಗಿಲಲ್ಲಿ ತಲೆತಗ್ಗಿಸಿ ಹಿಂತಿರುಗುವಂತಾಗಬಾರದು. ಗಲ್ಫ್‌ನಲ್ಲಿ ಅವರೊಡನೆ ದುಡಿಯುವ ಕನ್ನಡಿಗರು ಸಂದೇಶವನ್ನು ಮುಂದೆ ಕಳುಹಿಸುವ ಬದಲು ಈ ವಿವರವನ್ನು ತಿಳಿಸಿ.