ಕೋಳಿ ಫಾರ್ಮ್ ಒಪ್ಪಂದಕ್ಕೆ ಹೆಂಡತಿಯ ಸಹಿಯೂ ಕಡ್ಡಾಯ ಆಗಬೇಕಾ?

ಪರ

ಕಾರ್ಕಳ, ಬೆಳ್ತಂಗಡಿ ಕಡೆ ಬ್ರಾಯ್ಲರ್ ಶೆಡ್ ಇರುವ ಮನೆಗಳಲ್ಲಿ ಕೆಲಸ ಯಾರು ಮಾಡುತ್ತಾರೆ ಅಂತ ಒಮ್ಮೆ ನೋಡಿ. ಒಪ್ಪಂದ ಕೋಳಿ ಕಂಪನಿ ಜೊತೆ: ಮರಿ, ಆಹಾರ, ಔಷಧ ಕಂಪನಿಯದ್ದು. ಶೆಡ್ಡು, ನೀರು, ಕರೆಂಟು, ದುಡಿಮೆ ರೈತರದ್ದು. ಮರಿ ಬಂದ ಮೊದಲ ವಾರ ರಾತ್ರಿ ಎದ್ದು ಬಲ್ಬಿನ ಬಿಸಿ ಸಾಕಾಗುತ್ತದಾ ಎಂದು ನೋಡುವುದು, ನೀರಿನ ಪಾತ್ರೆ ತೊಳೆಯುವುದು, ಸತ್ತ ಮರಿ ಹೆಕ್ಕಿ ಲೆಕ್ಕ ಬರೆಯುವುದು, ಇದೆಲ್ಲ ಎಷ್ಟೋ ಮನೆಗಳಲ್ಲಿ ಹೆಂಗಸರ ಪಾಲು. ಸುಮಾರು 40 ದಿನ ಕಳೆದು ಲಾರಿ ಬಂದು ತೂಕ ಆಗುವಾಗ ಮುಂದೆ ನಿಲ್ಲುವುದು ಗಂಡ. ಒಪ್ಪಂದ, ಪಾಸ್‌ಬುಕ್ ಎರಡೂ ಅವನ ಹೆಸರಲ್ಲಿದೆ.

ಮೂಲ ಇರುವುದು ಪಹಣಿಯಲ್ಲಿ. 2015-16ರ ಕೃಷಿ ಗಣತಿ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಸುಮಾರು ಶೇ. 14 ಮಾತ್ರ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲು ಎಂದು 2005ರಲ್ಲೇ ಕಾನೂನು ಬಂತು, ಆದರೂ ನಾಳೆ ತವರಿಗೆ ಹೋಗಿ ಬರಬೇಕಲ್ವಾ ಎಂದು ಹಕ್ಕು ಬಿಟ್ಟುಕೊಡುವವರು ಈಗಲೂ ಇದ್ದಾರೆ. ಪಹಣಿ ಬದಲಾಗಲಿ ಎಂದು ಕಾಯುತ್ತಾ ಕೂತರೆ ಇನ್ನೊಂದು ತಲೆಮಾರು ಹೋಗುತ್ತದೆ. ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಲಿ, ಹಣ ಜಂಟಿ ಖಾತೆಗೆ ಬರಲಿ. ಮರಿ ಜಾಸ್ತಿ ಸತ್ತಿದೆ ಎಂದು ಹಣ ಮುರಿದರೆ ಸೂಪರ್‌ವೈಸರನ್ನು ಆಕೆಯೇ ಕೇಳಲಿ. ಎಷ್ಟು ಸತ್ತಿತು, ಯಾವ ದಿನ ಸತ್ತಿತು ಎಂದು ಸರಿಯಾಗಿ ಗೊತ್ತಿರುವುದು ಅವಳಿಗೇ.

ವಿರೋಧ

ಸಹಿ ಹಾಕಿದ ಮೇಲೆ ನಷ್ಟಕ್ಕೂ ಅವಳು ಜವಾಬ್ದಾರಿ. ಶೆಡ್ ಎದ್ದಿರುವುದು ಬ್ಯಾಂಕ್ ಸಾಲದಲ್ಲಿ. ಭದ್ರತೆಗೆ ಖಾಲಿ ಚೆಕ್ ಕೇಳುವ ಕಂಪನಿಗಳೂ ಇವೆ. ರೋಗ ಬಂದು ಒಂದು ಬ್ಯಾಚ್ ಹೋದರೆ, ಕಂಪನಿ ಜೊತೆ ಜಗಳ ಆದರೆ, ಇಬ್ಬರ ಮೇಲೂ ಕೇಸು. ಈಗ ಕೊನೇಪಕ್ಷ ಅವಳ ಸಂಘದ ಉಳಿತಾಯವಾದರೂ ಬೇರೆ ಉಳಿದಿದೆ.

ಕಾಗದದಲ್ಲಿ ಹೆಸರು ಇದ್ದ ಮಾತ್ರಕ್ಕೆ ಮಾತು ನಡೆಯುತ್ತದೆ ಎನ್ನುವುದನ್ನೂ ನಾನು ನಂಬುವುದಿಲ್ಲ. ನಮ್ಮ ಕರಾವಳಿಯಲ್ಲಿ ಅಳಿಯಕಟ್ಟು, ಅಂದರೆ ಅಳಿಯಸಂತಾನ ಪದ್ಧತಿ, ಇದ್ದಾಗ ಆಸ್ತಿ ಇಳಿಯುತ್ತಿದ್ದದ್ದು ಹೆಣ್ಣಿನ ಕಡೆಯಿಂದ, ಯಜಮಾನಿಕೆ ಮಾತ್ರ ಹೆಚ್ಚಾಗಿ ಸೋದರಮಾವನದ್ದೇ. ಅದೇ ಉಡುಪಿ ಕಡೆಯ ಶಂಕರಪುರದ ಮಲ್ಲಿಗೆ ಬೆಳೆಯಲ್ಲಿ ಯಾವ ಕಂಪನಿಯ ಕಾಗದವೂ ಇಲ್ಲ. ಮನೆಯಂಗಳದ ಗಿಡದಿಂದ ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಟ್ಟೆ (ಮಲ್ಲಿಗೆ ಮಾರುವ ಇಲ್ಲಿನ ಅಳತೆ) ಲೆಕ್ಕದಲ್ಲಿ ಕೊಟ್ಟರೆ ಆ ದಿನದ ರೇಟು. ರೇಟು ಏಳುತ್ತದೆ, ಬೀಳುತ್ತದೆ, ನಿಜ. ಆದರೂ ಎಷ್ಟೋ ಹೆಂಗಸರು ಮಕ್ಕಳ ಫೀಸು ಕಟ್ಟಿದ್ದು ಆ ದುಡ್ಡಿನಲ್ಲಿ, ಯಾರನ್ನೂ ಕೇಳದೆ.

ಹಾಗಾಗಿ ಕಡ್ಡಾಯ ಸಹಿ ಬೇಡ. ಮೊದಲು ಖಾಲಿ ಚೆಕ್ ನಿಲ್ಲಲಿ, ಒಪ್ಪಂದ ಕನ್ನಡದಲ್ಲಿ ಇರಲಿ, ಅವಳ ದುಡಿಮೆಯ ಪಾಲು ಅವಳದ್ದೇ ಖಾತೆಗೆ ಬೀಳಲಿ. ಆಮೇಲೆ ಸಹಿ ಹಾಕುವುದೋ ಬಿಡುವುದೋ ಅವಳೇ ಹೇಳಲಿ.